ಲೈಸೆನ್ಸಿಗೆ ಮುಂಚೆ ಅಜ್ಜಂಪುರಕ್ಕೆ

ಕಡೂರಿನ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಕರಿಯಪ್ಪನವರು ಮೋಟಾರ್ ಸ್ಕೂಲ್ ತೆರೆದದ್ದು ೧೯೭೩ರಲ್ಲಿ. ಸ್ಕೂಲ್ ಎಂದರೆ ಒಂದು ಹೆಂಚಿನ ಕೋಣೆ, ಗೋಡೆಗೆ ರಸ್ತೆ ಚಿಹ್ನೆಗಳ ಒಂದು ಪಟ, ಹೊರಗೆ ಬೇವಿನ ಮರದ ನೆರಳಲ್ಲಿ ಸೈನ್ಯದವರು ಹರಾಜಿಗಿಟ್ಟಾಗ ಕೊಂಡ ಹಳೆಯ ಜೀಪು. ಅಷ್ಟೇ. ಅವರು ಹಿರೇನಲ್ಲೂರು ಕಡೆಯ ಬೇಸಾಯದ ಮನೆಯವರು. ಹದಿನೇಳು ವರ್ಷ ಸೈನ್ಯದಲ್ಲಿ ಲಾರಿ ಓಡಿಸಿ, ಯುದ್ಧಗಳನ್ನು ಕಣ್ಣಾರೆ ನೋಡಿ, ಮೈಗೆ ಒಂದು ಗೀರೂ ಇಲ್ಲದೆ ಊರಿಗೆ ಬಂದಿದ್ದರು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತ ಇರುವ ಹಿಮದ ದಾರಿಯಲ್ಲಿ ಲಾರಿ ಹಿಂದಕ್ಕೆ ತೆಗೆದವರು ಎಂದು ಹುಡುಗರಿಗೆ ಅವರ ಮೇಲೆ ಬಹಳ ಗೌರವ. ಎಲ್ಲರೂ ಮೇಷ್ಟ್ರೇ ಎಂದೇ ಕರೆಯುತ್ತಿದ್ದರು.

ಕಲಿಸುವುದರಲ್ಲಿ ಅವರು ಬಿಗಿ. ಕ್ಲಚ್ಚಿನ ಮೇಲೆ ಸುಮ್ಮನೆ ಕಾಲಿಟ್ಟುಕೊಂಡರೆ ಮೊಣಕಾಲಿಗೆ ಬೆತ್ತದ ಏಟು ಬೀಳುತ್ತಿತ್ತು. ದನ ಅಡ್ಡ ಬಂದಾಗ ಹಾರ್ನ್ ಹೊಡೆದವನಿಗೆ ಅಂದಿನ ಪಾಠ ಮುಗಿಯಿತು. "ದನಕ್ಕೇನೋ ಗೊತ್ತು ನಿನ್ನ ಹಾರ್ನು? ನಿಲ್ಸು. ಅದು ಹೋಗ್ಲಿ. ಆಮೇಲೆ ನೀನು ಹೋಗು" ಎನ್ನುತ್ತಿದ್ದರು. ಅವರ ಹತ್ತಿರ ಕಲಿತವನು ಚಿಕ್ಕಮಗಳೂರಿನಲ್ಲಿ ಬ್ರೇಕ್ ಇನ್ಸ್‌ಪೆಕ್ಟರ ಮುಂದೆ ಎಂಟರ ಆಕಾರ ಸುತ್ತಿ ತೋರಿಸಿ ಮೊದಲ ಸಲಕ್ಕೇ ಪಾಸಾಗುತ್ತಾನೆ ಎಂಬ ಹೆಸರು ತರೀಕೆರೆಯವರೆಗೂ ಹಬ್ಬಿತ್ತು.

ಪಾಸಾದ ದಿನ ಒಂದು ಪದ್ಧತಿ ಇತ್ತು. ಅದನ್ನು ಹಾಕಿದವರೂ ಅವರೇ. ಚಿಕ್ಕಮಗಳೂರಿನಿಂದ ವಾಪಸ್ ಬರುವಾಗ ಸಖರಾಯಪಟ್ಟಣದ ಹತ್ತಿರ ಗೆಳೆಯರೊಬ್ಬರ ತೆಂಗಿನ ತೋಟದಲ್ಲಿ ಜೀಪು ನಿಲ್ಲಿಸುತ್ತಿದ್ದರು. ಎಳನೀರು ಇಳಿಸಿ, ಮಿಲಿಟರಿ ಕ್ಯಾಂಟೀನಿನಿಂದ ತಮಗೆ ಸಿಗುತ್ತಿದ್ದ ರಮ್ಮನ್ನು ಅದರೊಳಗೆ ಬೆರೆಸಿ, ಸ್ಟೀಲ್ ಲೋಟದಲ್ಲಿ ಹುಡುಗನ ಕೈಗೆ ಕೊಡುತ್ತಿದ್ದರು. ಅದು ಮುಗಿದ ಮೇಲೆ ಕಡೂರಿನವರೆಗೂ ಅವನೇ ಓಡಿಸಬೇಕು. ಮೇಷ್ಟ್ರು ಪಕ್ಕದಲ್ಲಿ ಬೀಡಿ ಸೇದುತ್ತ ಕೂರುತ್ತಿದ್ದರು. ಕಡೂರು ಮುಟ್ಟಿದ ಕೂಡಲೇ ಬೆನ್ನು ತಟ್ಟಿ, "ಇವತ್ತಿಂದ ನೀನು ಡ್ರೈವರ್ ಕಣೋ" ಎನ್ನುತ್ತಿದ್ದರು. ಐದು ವರ್ಷ ಹೀಗೆ ನಡೆಯಿತು. ಯಾರಿಗೂ ಏನೂ ಆಗಲಿಲ್ಲ.

ಬೆನಕಪ್ಪ ಅವರ ಹತ್ತಿರ ಬಂದದ್ದು ೧೯೭೮ರ ಜನವರಿಯಲ್ಲಿ. ಅಜ್ಜಂಪುರದ ಈರುಳ್ಳಿ, ಹತ್ತಿ ವ್ಯಾಪಾರಿ ಶಿವಮೂರ್ತಪ್ಪನವರ ಒಬ್ಬನೇ ಮಗ. ಕಡೂರಿನಲ್ಲಿ ಕಾಲೇಜು ಓದುತ್ತಿದ್ದ, ದಿನವೂ ರೈಲಿನಲ್ಲಿ ಬಂದು ಹೋಗುತ್ತಿದ್ದ. ಇಪ್ಪತ್ತು ವರ್ಷ. ಹಣೆಯಲ್ಲಿ ಬೆಳಗ್ಗೆ ಹಚ್ಚಿದ ವಿಭೂತಿ ಮಧ್ಯಾಹ್ನದ ಬೆವರಿಗೂ ಹೋಗದೆ ಇರುತ್ತಿತ್ತು. ಮಾತು ಕಡಿಮೆ, ಕೈ ಚುರುಕು. ಗೇರು ಬದಲಿಸಿದ್ದು ಪಕ್ಕದಲ್ಲಿ ಕೂತವರಿಗೆ ಗೊತ್ತೇ ಆಗದಷ್ಟು ನಯ. ಇಂಥವನು ಐದು ವರ್ಷಕ್ಕೊಬ್ಬ ಸಿಗುತ್ತಾನೆ ಎಂದು ಕರಿಯಪ್ಪ ಮನೆಯಲ್ಲಿ ಹೆಂಡತಿ ಲಿಂಗಮ್ಮನ ಮುಂದೆ ಹೊಗಳಿದ್ದರು.

ಮಾರ್ಚಿನಲ್ಲಿ ಅವನು ಪಾಸಾದ. ಸಖರಾಯಪಟ್ಟಣದ ತೋಟದಲ್ಲಿ ಲೋಟ ಮುಂದೆ ಹಿಡಿದಾಗ ಕೈ ಹಿಂದಕ್ಕೆ ತೆಗೆದುಕೊಂಡ.

"ಬ್ಯಾಡಿ ಮೇಷ್ಟ್ರೇ. ನಮ್ಮನೇಲಿ ಯಾರೂ ಮುಟ್ಟಲ್ಲ."

"ನಿಮ್ಮನೇಲಿ ಯಾರಾದ್ರೂ ಜೀಪು ಓಡ್ಸ್ತಾರೇನೋ? ಇಲ್ವಲ್ಲ. ನೀನು ಓಡಿಸ್ತೀಯ. ಹಿಡಿ."

"ವಾಸ್ನೆ ಬರುತ್ತೆ. ಅಮ್ಮಂಗೆ ಗೊತ್ತಾಗುತ್ತೆ."

"ನೀನು ಗಂಡಸೋ ಅಲ್ವೋ?" ಎಂದರು ಕರಿಯಪ್ಪ, ನಗುತ್ತ. ನಗುತ್ತಲೇ ಅಂದದ್ದು. ಬೆನಕಪ್ಪ ಲೋಟ ತೆಗೆದುಕೊಂಡ. ಕಣ್ಣು ಮುಚ್ಚಿ ಕುಡಿದ, ಕೆಮ್ಮಿದ. ಎರಡನೇ ಲೋಟಕ್ಕೆ ಬೇಡ ಅನ್ನಲಿಲ್ಲ. ಆಮೇಲೆ ಕಡೂರಿನವರೆಗೂ ಎಷ್ಟು ಚೆನ್ನಾಗಿ ಓಡಿಸಿದನೆಂದರೆ, ಇಳಿಯುವಾಗ ಅವನೇ ಕೇಳಿದ: "ಏನೂ ಆಗ್ಲಿಲ್ವಲ್ಲ ಮೇಷ್ಟ್ರೇ?"

"ಏನಾಗುತ್ತೋ? ನಿನ್ನ ಕೈಲಿ ವಿದ್ಯೆ ಐತೆ" ಎಂದರು ಇವರು.

ಅದಾಗಿ ಇಪ್ಪತ್ತು ತಿಂಗಳು. ೧೯೭೯ರ ನವೆಂಬರಿನ ಒಂದು ಭಾನುವಾರ, ಹಗಲು ನಾಲ್ಕು ಗಂಟೆ. ಬೆನಕಪ್ಪ ಗೆಳೆಯರ ಜೊತೆ ಅಪ್ಪನ ಕಾರಿನಲ್ಲಿ ಕೆಮ್ಮಣ್ಣುಗುಂಡಿಗೆ ಹೋಗಿದ್ದ. ಘಾಟಿಯ ಸುತ್ತುಗಳನ್ನೆಲ್ಲ ಸರಿಯಾಗಿಯೇ ಇಳಿಸಿಕೊಂಡು ಬಂದ. ಗೆಳೆಯರನ್ನು ತರೀಕೆರೆಯಲ್ಲಿ ಇಳಿಸಿ ಒಬ್ಬನೇ ಅಜ್ಜಂಪುರದ ಕಡೆ ಹೊರಟ. ಒಳ್ಳೆಯ ಬಿಸಿಲು, ಖಾಲಿ ರಸ್ತೆ. ಒಂದು ಸಣ್ಣ ತಿರುವಿನಲ್ಲಿ ಕಾರು ತಿರುಗದೆ ನೆಟ್ಟಗೆ ಹೋಗಿ ಹುಣಸೆಮರಕ್ಕೆ ಗುದ್ದಿತು. ಹತ್ತಿರದ ಹೊಲದಲ್ಲಿ ಈರುಳ್ಳಿ ಕೀಳುತ್ತಿದ್ದವರು ಓಡಿ ಬರುವ ಹೊತ್ತಿಗೆ ಉಸಿರು ಇರಲಿಲ್ಲ.

ಕರಿಯಪ್ಪ ಮಣ್ಣಿಗೆ ಹೋಗಿದ್ದರು. ತಾಯಿ ತೀರ್ಥಮ್ಮನವರನ್ನು ಅವರು ಮೊದಲು ನೋಡಿದ್ದು ಆವತ್ತೇ. ಅವರು ಅಳುತ್ತಿರಲಿಲ್ಲ. ಗೋಡೆಗೆ ಒರಗಿಸಿ ಕೂರಿಸಿದ್ದ ಮಗನ ಕೊರಳಿನ ಲಿಂಗದ ದಾರವನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದರು. ಎದುರಿಗೆ ಲಾರಿ ಬಂತಂತೆ, ತಪ್ಪಿಸೋಕೆ ಹೋದನಂತೆ ಎಂದು ಶಿವಮೂರ್ತಪ್ಪನವರು ಬಂದವರಿಗೆಲ್ಲ ಹೇಳುತ್ತಿದ್ದರು. ಡಾಕ್ಟರು ಕಾಗದದಲ್ಲಿ ಕುಡಿದ ವಾಸನೆ ಎಂದು ಬರೆದದ್ದು ಸುಳ್ಳು, ಯಾರೋ ಆಗದವರು ಬರೆಸಿದ್ದಾರೆ ಎಂದೂ ಹೇಳುತ್ತಿದ್ದರು.

ವಾಪಸ್ ಹೊರಟಾಗ ಬೀದಿಯ ಕೊನೆಯಲ್ಲಿ ಒಬ್ಬ ಹುಡುಗ ಕರಿಯಪ್ಪನವರನ್ನು ನಿಲ್ಲಿಸಿದ. ತರೀಕೆರೆಯ ರಾಮಯ್ಯ, ಕೆಮ್ಮಣ್ಣುಗುಂಡಿಗೆ ಹೋದವರಲ್ಲಿ ಒಬ್ಬ.

"ಲಾರಿ ಗೀರಿ ಏನಿಲ್ಲ ಮೇಷ್ಟ್ರೇ. ಗುಡ್ಡದ ಮೇಲೆ ನಾವು ಬ್ರಾಂದಿ ಕುಡಿದ್ವಿ. ನಮ್ಮನೇಲಿ ಸ್ವಲ್ಪ ಮಲಕ್ಕೊಂಡು ಎದ್ದು ಹೋಗು ಅಂತ ಎಷ್ಟು ಹೇಳ್ದೆ. ಕೇಳ್ಲಿಲ್ಲ."

"ಏನಂದ?"

ರಾಮಯ್ಯ ತಲೆ ತಗ್ಗಿಸಿದ. "ನಮ್ ಮೇಷ್ಟ್ರೇ ಕುಡಿಸಿ ಓಡಿಸಿದಾರೆ, ನಂಗೇನೂ ಆಗಲ್ಲ ಬಿಡು, ಅಂದ."

ಕರಿಯಪ್ಪ ಆ ರಾತ್ರಿ ಊಟ ಮಾಡಲಿಲ್ಲ. ಮಾರನೆಯ ದಿನ ಜೀಪು ತೆಗೆಯಲಿಲ್ಲ. ಮೂರನೆಯ ದಿನ ಲಿಂಗಮ್ಮ ಎದುರು ಕೂತು ಕೇಳಿದಾಗ ಎಲ್ಲ ಹೇಳಿದರು. ಆಕೆ, "ನಂಗೆ ಹೇಳಿದ್ರೆ ಏನು ಬಂತು? ಹೆತ್ತವಳಿಗೆ ಹೇಳಿ ಬನ್ನಿ" ಎಂದಳು.

"ಹೇಳಿದ್ರೆ ಹೋದವನು ಬತ್ತಾನಾ?"

"ಬರಲ್ಲ. ಆದ್ರೆ ಆ ತಾಯಿ ಇಲ್ದಿರೋ ಲಾರಿಗೆ ಶಾಪ ಹಾಕ್ಕೊಂಡು ಕೂತಿರ್ತಾಳೆ."

ಹನ್ನೊಂದು ದಿನ ಕಳೆದ ಮೇಲೆ ಕರಿಯಪ್ಪ ಅಜ್ಜಂಪುರಕ್ಕೆ ಹೋದರು. ಜೀಪಿನಲ್ಲಲ್ಲ, ರೈಲಿನಲ್ಲಿ. ಶಿವಮೂರ್ತಪ್ಪನವರು ಮಂಡಿಗೆ ಹೋಗಿದ್ದರು. ತೀರ್ಥಮ್ಮ ನಡುಮನೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. "ಬನ್ನಿ ಮೇಷ್ಟ್ರೇ. ನಿಮ್ಮ ಹೆಸರು ಅವನ ಬಾಯಲ್ಲಿ ದಿನಾ ಇರ್ತಿತ್ತು" ಎಂದು ಚಾಪೆ ತೋರಿಸಿದರು. ಕರಿಯಪ್ಪ ಕೂರಲಿಲ್ಲ. ನಿಂತುಕೊಂಡೇ ಹೇಳಿದರು. ಕೆಮ್ಮಣ್ಣುಗುಂಡಿಯ ಬ್ರಾಂದಿ, ರಾಮಯ್ಯ ಹೇಳಿದ ಮಾತು, ಸಖರಾಯಪಟ್ಟಣದ ತೋಟ, ಎಳನೀರು, ರಮ್ಮು.

ತೀರ್ಥಮ್ಮ ಅವರನ್ನೇ ನೋಡುತ್ತಿದ್ದರು. "ಎಷ್ಟು ಕೊಟ್ರಿ?"

"ಎರಡು ಲೋಟ."

"ಅವನು ಬ್ಯಾಡ ಅನ್ಲಿಲ್ವಾ?"

ಕರಿಯಪ್ಪನವರಿಗೆ ಸುಳ್ಳು ಹೇಳಿಬಿಡಬೇಕು ಅನ್ನಿಸಿತು. ಹೇಳಲು ಆಗಲಿಲ್ಲ. "ಅಂದ ತಾಯಿ. ಮೊದ್ಲು ಬ್ಯಾಡ ಅಂದ. ಅಮ್ಮಂಗೆ ಗೊತ್ತಾಗುತ್ತೆ ಅಂದ. ನಾನೇ... ಗಂಡಸೋ ಅಲ್ವೋ ಅಂದೆ."

ತೀರ್ಥಮ್ಮ ಎದ್ದು ಒಳಗೆ ಹೋದರು. ಅಡುಗೆಮನೆಯ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಒಳಗಿನಿಂದ ಬಂದ ಅಳು ಇವರು ಯುದ್ಧದಲ್ಲೂ ಕೇಳಿರದಂಥದು. ಕರಿಯಪ್ಪ ಅರ್ಧ ಗಂಟೆ ಹಾಗೇ ನಿಂತಿದ್ದರು. ಕೊನೆಗೆ ಬಾಗಿಲ ಆಚೆಯಿಂದಲೇ "ಹೋಗಿ" ಎಂಬ ಒಂದು ಮಾತು ಬಂತು. ಹೋದರು.

ಒಂದು ತಿಂಗಳು ಸ್ಕೂಲಿಗೆ ಬೀಗ. ಆಮೇಲೆ ಒಂದು ದಿನ ಅಜ್ಜಂಪುರದಿಂದ ಕಾಗದ ಬಂತು. ಒಂದೇ ಸಾಲು: ಒಂದು ಸಲ ಬಂದು ಹೋಗತಕ್ಕದ್ದು, ತೀರ್ಥಮ್ಮ.

ಈ ಸಲ ಶಿವಮೂರ್ತಪ್ಪನವರು ಮನೆಯಲ್ಲೇ ಇದ್ದರು. ಕರಿಯಪ್ಪನವರನ್ನು ಕಂಡೊಡನೆ ಎದ್ದು ಒಳಕೋಣೆಗೆ ಹೋಗಿಬಿಟ್ಟರು. ತೀರ್ಥಮ್ಮ ಬಹಳ ಇಳಿದುಹೋಗಿದ್ದರು.

"ಸ್ಕೂಲು ಮುಚ್ಚಿದೀರಂತೆ."

"ಹೂಂ ತಾಯಿ. ಇನ್ನು ತೆಗೆಯಲ್ಲ. ಕುಡಿಯೋದೂ ಬಿಟ್ಟೆ."

"ಮುಚ್ಚಬೇಡಿ. ನೀವು ಮುಚ್ಚಿದ್ರೆ ಹುಡುಗರು ಇನ್ಯಾರ ಹತ್ರನೋ ಕಲೀತಾರೆ. ಅವರೂ ಕುಡಿಸ್ತಾರೆ." ಸ್ವಲ್ಪ ಸುಧಾರಿಸಿಕೊಂಡು ಮುಂದುವರಿದರು. "ತೆಗೀರಿ. ಆದ್ರೆ ಲೈಸೆನ್ಸಿಗೆ ಕರ್ಕೊಂಡು ಹೋಗೋಕೆ ಮುಂಚೆ ಪ್ರತಿಯೊಬ್ಬ ಹುಡುಗನ್ನೂ ಇಲ್ಲಿಗೆ ಕರ್ಕೊಂಡು ಬರ್ಬೇಕು. ನನ್ನ ಮುಂದೆ ಕೂರಿಸ್ಬೇಕು. ನಾನು ನನ್ನ ಮಗನ ವಿಷಯ ಹೇಳ್ತೀನಿ. ನೀವೂ ಪಕ್ಕದಲ್ಲಿ ಕೂತ್ಕೋಬೇಕು. ಇವರೇ ಮೊದಲು ಕುಡಿಸಿದ್ದು ಅಂತ ನಾನು ಅಂತೀನಿ. ನೀವು ತಲೆ ತಗ್ಗಿಸಬಾರದು. ಹೌದು ಅನ್ಬೇಕು."

ಕರಿಯಪ್ಪ ಒಪ್ಪಿಕೊಂಡರು. ಒಪ್ಪದೆ ಅವರಿಗೆ ಬೇರೆ ದಾರಿಯೂ ಇರಲಿಲ್ಲ.

೧೯೮೦ರಿಂದ ತಿಂಗಳಿಗೊಂದು ಭಾನುವಾರ ಜೀಪು ಕಡೂರಿನಿಂದ ಅಜ್ಜಂಪುರಕ್ಕೆ ಹೋಗತೊಡಗಿತು. ಹಿಂದಿನ ಸೀಟಿನಲ್ಲಿ ಮೂರೋ ನಾಲ್ಕೋ ಹುಡುಗರು. ಏನೋ ಶಾಸ್ತ್ರ ಇರಬೇಕು ಎಂದುಕೊಂಡು ನಗುತ್ತ ಬರುತ್ತಿದ್ದರು. ತೀರ್ಥಮ್ಮ ಎಲ್ಲರಿಗೂ ಅವಲಕ್ಕಿ ಉಪ್ಪಿಟ್ಟು, ಕಾಫಿ ಕೊಟ್ಟು, ಅವರು ತಿಂದು ಮುಗಿಸುವವರೆಗೂ ಕಾಯುತ್ತಿದ್ದರು. ಆಮೇಲೆ ಕಂಬಕ್ಕೆ ಒರಗಿ ಶುರುಮಾಡುತ್ತಿದ್ದರು. ಮಗ ಹುಟ್ಟಿದ್ದು ಮದುವೆಯಾಗಿ ಒಂಬತ್ತನೇ ವರ್ಷಕ್ಕೆ. ಕಾಲು ತಿರುಚಿಕೊಂಡು ಹುಟ್ಟಿದ್ದ. ದಿನವೂ ಎಣ್ಣೆ ಹಚ್ಚಿ ನೀವಿ ನೀವಿ ಸರಿಮಾಡಿದ್ದು. ಆ ಭಾನುವಾರ ಸಂಜೆಗೆ ಮಂಡಕ್ಕಿ ಒಗ್ಗರಣೆ ಮಾಡಿಡು ಎಂದು ಹೇಳಿ ಹೋದದ್ದು. ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿರುವಾಗ ಯಾರೋ ಬಾಗಿಲಲ್ಲಿ ನಿಂತದ್ದು. ಮುಖ ತೋರಿಸಬೇಡಿ ಎಂದವರನ್ನು ತಳ್ಳಿ ತಾವು ನೋಡಿದ್ದು, ನೋಡಿದ್ದೇನು ಎಂಬುದು.

ಕೊನೆಗೆ ಕರಿಯಪ್ಪನವರ ಕಡೆ ತಿರುಗಿ, "ಮೊದಲನೇ ಲೋಟ ಇವರು ಕೊಟ್ಟಿದ್ದು" ಎನ್ನುತ್ತಿದ್ದರು.

"ಹೌದು. ನಾನೇ ಕೊಟ್ಟಿದ್ದು" ಎನ್ನುತ್ತಿದ್ದರು ಕರಿಯಪ್ಪ.

ನಗುತ್ತ ಬಂದ ಹುಡುಗರು ವಾಪಸ್ ಹೋಗುವಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಶಿವಮೂರ್ತಪ್ಪನವರು ಮಾತ್ರ ಆ ಹೊತ್ತಿನಲ್ಲಿ ಒಂದು ದಿನವೂ ಹೊರಗೆ ಬರಲಿಲ್ಲ. ಒಳಕೋಣೆಯಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದರು. ಪುಟ ತಿರುಗಿಸುವ ಸದ್ದು ಕೇಳುತ್ತಿರಲಿಲ್ಲ.

ಪ್ರತಿ ಸಲ ಹೇಳಿ ಮುಗಿಸಿದ ಮೇಲೆ ತೀರ್ಥಮ್ಮ ಎರಡು ದಿನ ಹಾಸಿಗೆ ಹಿಡಿಯುತ್ತಾರೆ ಎಂಬುದು ಕರಿಯಪ್ಪನವರಿಗೆ ಗೊತ್ತಾದದ್ದು ಬಹಳ ತಡವಾಗಿ, ಆ ಮನೆಯ ಕೆಲಸದ ಮಾರಮ್ಮನಿಂದ. "ಬಿಟ್ಬಿಡೋಣ ತಾಯಿ" ಎಂದರು ಇವರು. "ಎಷ್ಟು ಜನಕ್ಕೆ ಹೇಳಿದ್ದಾಯ್ತು. ನಿಮ್ಮ ಮೈ ತಡಿಯಲ್ಲ."

"ನಾನು ಹೇಳಿದ ಹುಡುಗರಲ್ಲಿ ಯಾರಾದ್ರೂ ಹೋದ್ರಾ?"

"ಇಲ್ಲ."

"ಮತ್ತೆ?" ಎಂದರು ತೀರ್ಥಮ್ಮ. ಆ ಒಂದು ಮಾತಿನ ಮೇಲೆ ಅವರು ಬದುಕಿದ್ದಾರೆ ಎಂದು ಕರಿಯಪ್ಪನವರಿಗೆ ತಿಳಿಯಿತು. ಮತ್ತೆ ಆ ಮಾತು ಎತ್ತಲಿಲ್ಲ.

೧೯೮೩ರಲ್ಲಿ ಬಂದ ಹುಡುಗರಲ್ಲಿ ತಮ್ಮಯ್ಯ ಎಂಬುವನಿದ್ದ. ಹಿರೇನಲ್ಲೂರಿನವನೇ, ಕರಿಯಪ್ಪನವರಿಗೆ ದೂರದ ನೆಂಟ. ಟ್ರ್ಯಾಕ್ಟರ್ ಕೆಲಸಕ್ಕೆ ಸೇರಲು ಲೈಸೆನ್ಸ್ ಬೇಕಾಗಿತ್ತು. ಚಿಕ್ಕಂದಿನಲ್ಲೇ ಅಪ್ಪ ತೀರಿಹೋಗಿ, ತಾಯಿ ಕೂಲಿಗೆ ಹೋಗುತ್ತಿದ್ದುದರಿಂದ ಅಕ್ಕ ಸಾವಿತ್ರಮ್ಮನ ಸೊಂಟದ ಮೇಲೆ ಬೆಳೆದವನು. ತೀರ್ಥಮ್ಮ ಹೇಳುವಾಗ ಅವನು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಎದ್ದು ಹೋಗಿ ಅವರ ಕಾಲು ಹಿಡಿದು, "ಅಮ್ಮಾ, ನಾನು ಯಾವತ್ತೂ ಹಂಗೆ ಮಾಡಲ್ಲ" ಎಂದ. ತೀರ್ಥಮ್ಮ ಅವನ ತಲೆ ಸವರಿದ್ದರು. ಆ ಮನೆಗೆ ಬಂದ ಹುಡುಗರಲ್ಲಿ ಅವರು ಮುಟ್ಟಿದ್ದು ಅವನೊಬ್ಬನನ್ನೇ.

೧೯೮೫ರ ಮೇ ತಿಂಗಳು. ತರೀಕೆರೆ ಹತ್ತಿರದ ಒಂದು ಹಳ್ಳಿಯಲ್ಲಿ ಬೀಗರೂಟ. ತಮ್ಮಯ್ಯ ನೆಂಟರನ್ನೆಲ್ಲ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಕರೆದುಕೊಂಡು ಹೋಗಿದ್ದ. ಬಾಡೂಟ, ಜೊತೆಗೆ ಸಾರಾಯಿ. ಸಂಜೆ ಐದರ ಹೊತ್ತಿಗೆ ಹೊರಟರು. ಟ್ರೈಲರಿನಲ್ಲಿ ಹನ್ನೊಂದು ಜನ. ಒಂದು ಮೋರಿಯ ಹತ್ತಿರ ಎದುರಿಗೆ ಬಂದ ಬಸ್ಸಿಗೆ ದಾರಿ ಬಿಡಲು ಹೋಗಿ ಚಕ್ರ ಅಂಚಿನಿಂದ ಜಾರಿತು. ಟ್ರೈಲರು ಮಗುಚಿತು. ಹತ್ತು ಜನರಿಗೆ ಗಾಯ. ಅಕ್ಕ ಸಾವಿತ್ರಮ್ಮ ಟ್ರೈಲರಿನ ಕೆಳಗೆ ಸಿಕ್ಕಿ ಅಲ್ಲೇ ಹೋದಳು.

ಈ ಸುದ್ದಿಯನ್ನು ತೀರ್ಥಮ್ಮನವರಿಗೆ ಹೇಳಬಾರದು ಎಂದು ಕರಿಯಪ್ಪ ಅಂದುಕೊಂಡರು. ಆದರೆ ಮುಂದಿನ ಭಾನುವಾರ ತಾವು ಹೋಗುವಷ್ಟರಲ್ಲಿ ಅವರಿಗೆ ತಿಳಿದಿತ್ತು. ಆವತ್ತು ಉಪ್ಪಿಟ್ಟು ಮಾಡಿರಲಿಲ್ಲ. ಹುಡುಗರನ್ನು ಜಗಲಿಯಲ್ಲೇ ಕೂರಿಸಿ ಕರಿಯಪ್ಪನವರನ್ನು ಒಳಗೆ ಕರೆದರು.

"ಅವನು ಅತ್ತಿದ್ದ ಅಲ್ವಾ ಮೇಷ್ಟ್ರೇ? ನನ್ನ ಕಾಲು ಹಿಡ್ಕೊಂಡು ಅತ್ತಿದ್ದ. ಅಷ್ಟು ಅತ್ತವನು ಹೆಂಗೆ ಕುಡಿದ? ನಾನು ಸರಿಯಾಗಿ ಹೇಳ್ಲಿಲ್ವಾ?"

ತೀರ್ಥಮ್ಮ ಜಗಲಿಯಲ್ಲಿದ್ದ ಹುಡುಗರ ಕಡೆ ಒಮ್ಮೆ ನೋಡಿ, ಮತ್ತೆ ಇವರ ಕಡೆ ತಿರುಗಿದರು.

"ಹೋಗಿ ಅವನ್ನ ಕೇಳ್ಕೊಂಡು ಬನ್ನಿ. ಬೈಬೇಡಿ. ಯಾಕೆ ಅಂತ ಮಾತ್ರ ಕೇಳಿ."

ತಮ್ಮಯ್ಯ ಜಾಮೀನಿನ ಮೇಲೆ ಬಿಡುಗಡೆಯಾಗಿ ಮನೆಗೆ ಬಂದು ನಾಲ್ಕು ದಿನವಾಗಿತ್ತು. ಹಿತ್ತಲ ಕಡೆಯ ಗೋಡೆಗೆ ಮುಖ ಮಾಡಿ ಕೂತಿದ್ದ. ಅವನ ತಾಯಿ ಅನ್ನದ ತಟ್ಟೆಯನ್ನು ಪಕ್ಕದಲ್ಲಿಟ್ಟು ದೂರ ಕೂತಿದ್ದಳು. ಮಗಳನ್ನು ಕಳಕೊಂಡವಳು ಅವಳೇ, ಆ ಸಾವಿಗೆ ಕಾರಣನಾದವನ ತಾಯಿಯೂ ಅವಳೇ. ಅವಳ ಮುಖ ನೋಡಲು ಕರಿಯಪ್ಪನವರಿಗೆ ಧೈರ್ಯ ಬರಲಿಲ್ಲ.

"ಯಾಕಪ್ಪಾ ತಮ್ಮಯ್ಯ?" ಎಂದು ಕೇಳಿದರು. "ಅಜ್ಜಂಪುರದ ಅಮ್ಮ ಕೇಳ್ತಾವ್ರೆ. ಮರ್ತೋಗಿತ್ತಾ?"

ತಮ್ಮಯ್ಯ ತಿರುಗಲಿಲ್ಲ. "ಇಲ್ಲ ಮೇಷ್ಟ್ರೇ. ನೆಪ್ಪಿತ್ತು. ಲೋಟ ಹಿಡಿದಾಗ್ಲೂ ನೆಪ್ಪಿತ್ತು, ಟ್ರ್ಯಾಕ್ಟರ್ ಹತ್ತಿದಾಗ್ಲೂ ನೆಪ್ಪಿತ್ತು. ಯಾರಾದ್ರೂ ಬ್ಯಾಡ ಅಂತಾರೆ ಅಂತ ನೋಡ್ದೆ. ಯಾರೂ ಅನ್ಲಿಲ್ಲ. ಹತ್ತು ಜನ ಹತ್ತಿ ಕೂತ್ರು. ಅಕ್ಕ ನನ್ನ ಬಾಯಿ ವಾಸ್ನೆ ನೋಡಿ, ನಿಧಾನಕ್ಕೆ ಓಡ್ಸೋ ಅಂದ್ಲು ಅಷ್ಟೇ. ನೆಂಟರ ಮುಂದೆ ನನ್ನ ಮರ್ಯಾದೆ ಹೋಗ್ಬಾರ್ದು ಅಂತ ಅವಳೂ ಸುಮ್ನಾದ್ಲು. ಒಬ್ರು, ಒಬ್ರಾದ್ರೂ ಇಳಿಯೋ ಕೆಳಗೆ ಅಂದಿದ್ರೆ ಇಳಿದ್ಬಿಡ್ತಿದ್ದೆ."

ದೂರದಲ್ಲಿ ಕೂತಿದ್ದ ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆ ಟ್ರೈಲರಿನಲ್ಲಿ ಅವಳೂ ಇದ್ದಳು.

ಕರಿಯಪ್ಪ ಅದನ್ನು ಒಂದಕ್ಷರ ಬಿಡದೆ ತೀರ್ಥಮ್ಮನವರಿಗೆ ಹೇಳಿದರು. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, "ಇನ್ಮೇಲೆ ಹುಡುಗರನ್ನ ಮಾತ್ರ ಕರ್ಕೊಂಡು ಬರ್ಬೇಡಿ" ಎಂದರು. "ಅವರ ಅಮ್ಮಂದಿರನ್ನೂ ಕರ್ಕೊಂಡು ಬನ್ನಿ. ಅಮ್ಮ ಇಲ್ಲದವರು ಅಕ್ಕನನ್ನೋ ಅತ್ತಿಗೆಯನ್ನೋ ಕರ್ಕೊಂಡು ಬರ್ಲಿ."

"ಅಷ್ಟು ದೂರ ಹೆಂಗಸರು ಬತ್ತಾರಾ ತಾಯಿ?"

"ಬಂದ್ರೆ ಲೈಸೆನ್ಸು. ಇಲ್ದಿದ್ರೆ ಇಲ್ಲ ಅನ್ನಿ."

ಆ ಮಾತಿಗೆ ಇಬ್ಬರು ಹುಡುಗರು ಸ್ಕೂಲು ಬಿಟ್ಟು ಹೋದರು. ಉಳಿದವರು ಮೂವರು. ಜೂನ್ ಕೊನೆಯ ಭಾನುವಾರ ಅವರ ತಾಯಂದಿರು ಜೀಪಿನಲ್ಲಿ ಬಂದರು. ಸಖರಾಯಪಟ್ಟಣದ ಕೆಂಚಮ್ಮ ಅವರಲ್ಲಿ ಹಿರಿಯಳು, ತೆಂಗಿನ ತೋಟದ ಮನೆಯವಳು, ಬಾಯಿ ಜೋರು. "ಮಗ ಮೋಟಾರ್ ಕಲಿಯೋಕೆ ತಾಯಿ ಯಾಕ್ರೀ ಪರೀಕ್ಷೆ ಕೊಡ್ಬೇಕು?" ಎಂದು ದಾರಿಯುದ್ದಕ್ಕೂ ಕೇಳುತ್ತಲೇ ಬಂದಳು. ಅಜ್ಜಂಪುರದ ಮನೆಯ ನಡುಮನೆಯಲ್ಲಿ ಗೋಡೆಯ ಮೇಲಿದ್ದ ಬೆನಕಪ್ಪನ ಫೋಟೋ ಕಂಡ ಮೇಲೆ ಸುಮ್ಮನಾದಳು.

ತೀರ್ಥಮ್ಮ ಎಂದಿನ ಹಾಗೆ ಶುರುಮಾಡಿದರು. ಒಂಬತ್ತು ವರ್ಷಕ್ಕೆ ಹುಟ್ಟಿದ ಮಗ, ತಿರುಚಿದ ಕಾಲು, ಎಣ್ಣೆ. ಆದರೆ ಭಾನುವಾರದ ಸಂಜೆಗೆ ಬರುವ ಮುಂಚೆ ನಿಲ್ಲಿಸಿದರು. ಸೆರಗು ಹೊದ್ದುಕೊಂಡು, ಹುಡುಗರನ್ನು ಬಿಟ್ಟು ತಾಯಂದಿರ ಕಡೆ ತಿರುಗಿದರು.

"ಇದನ್ನ ನಾನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಅವನು ಹೋಗೋಕೆ ಆರು ತಿಂಗಳ ಮುಂಚೆ ಒಂದಿನ ಮಧ್ಯಾಹ್ನ ಕಾರು ನಿಲ್ಸಿ ಒಳಗೆ ಬಂದ. ನಂಗೆ ವಾಸ್ನೆ ಗೊತ್ತಾಯ್ತು. ಹೆತ್ತವಳಿಗೆ ಗೊತ್ತಾಗ್ದೇ ಇರುತ್ತಾ? ಅವನೂ ನನ್ನ ಮುಖ ನೋಡ್ದ. ಬೈತೀನಿ ಅಂತ ನಿಂತಿದ್ದ. ಅಷ್ಟರಲ್ಲಿ ಅವರಪ್ಪ ಬರೋ ಸದ್ದಾಯ್ತು. ನಾನು ಒಳಗೆ ಹೋಗಿ ಎರಡು ಏಲಕ್ಕಿ ತಂದು ಅವನ ಕೈಲಿ ಇಟ್ಟೆ. ಅಗಿ, ಅಂದೆ. ಅಷ್ಟೇ ನಾನು ಅಂದಿದ್ದು. ಆಮೇಲೆ ಇನ್ನೆರಡು ಸಲ ಅವನೇ ಡಬ್ಬಿಯಿಂದ ಏಲಕ್ಕಿ ತಗೊಂಡಿದ್ದು ನೋಡ್ದೆ. ನೋಡದವಳ ಹಂಗೆ ಇದ್ದೆ."

ತೀರ್ಥಮ್ಮ ಕರಿಯಪ್ಪನವರ ಕಡೆ ಕೈ ತೋರಿಸಿದರು.

"ಇಷ್ಟು ದಿನ ಈ ಮೇಷ್ಟ್ರನ್ನ ತೋರ್ಸಿ ಇವರೇ ಕುಡಿಸಿದ್ದು ಅಂತಿದ್ದೆ. ಕುಡಿಸಿದ್ದು ಇವರೇ. ಮುಚ್ಚಿಟ್ಟಿದ್ದು ನಾನು."

ಒಳಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಶಿವಮೂರ್ತಪ್ಪನವರು ಬಾಗಿಲಿಗೆ ಬಂದು ನಿಂತರು. ಐದೂವರೆ ವರ್ಷದಲ್ಲಿ ಆ ಹೊತ್ತಿಗೆ ಅವರು ಹೊರಗೆ ಬಂದದ್ದು ಅದೇ ಮೊದಲು. ಕೈಯಲ್ಲಿ ಪೇಪರು ಹಾಗೇ ಇತ್ತು.

"ನಂಗೆ ಯಾಕೆ ಹೇಳ್ಲಿಲ್ಲ?" ಎಂದರು. ದನಿ ಜೋರಾಗಿರಲಿಲ್ಲ.

ತೀರ್ಥಮ್ಮ ಅವರ ಕಡೆ ನೋಡಲಿಲ್ಲ. "ಹೇಳಿದ್ರೆ ನೀವು ಅವನ್ನ ಹೊಡೀತಿದ್ರಿ."

"ಹೊಡೀತಿದ್ದೆ" ಎಂದರು ಶಿವಮೂರ್ತಪ್ಪ. "ಕಾರಿನ ಕೀಲಿ ಕಿತ್ಕೋತಿದ್ದೆ. ಒಂದು ವರ್ಷ ನನ್ನ ಹತ್ರ ಮಾತು ಬಿಡ್ತಿದ್ದ." ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. "ಬದುಕಿರ್ತಿದ್ದ ಕಣೇ."

ಪೇಪರನ್ನು ಮಡಿಸಿ ಕಿಟಕಿಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದರು. ಬಿಸಿಲಿನಲ್ಲಿ ತಲೆಯ ಮೇಲೆ ಟವೆಲ್ಲೂ ಇಲ್ಲದೆ ಹೋಗುತ್ತಿದ್ದ ಅವರನ್ನು ಕರಿಯಪ್ಪ ಜಗಲಿಯ ತನಕ ಹಿಂಬಾಲಿಸಿ, ಅಲ್ಲೇ ನಿಂತರು. ಒಳಗೆ ಕೆಂಚಮ್ಮ ಎದ್ದು ಹೋಗಿ ತೀರ್ಥಮ್ಮನವರ ಪಕ್ಕ ಕೂತು, ಅವರ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಿದ್ದಳು.

ವಾಪಸ್ ಬರುವಾಗ ಜೀಪು ಬೀರೂರು ದಾಟಿತು. ಆಮೇಲೆ ಕೆಂಚಮ್ಮ ಹಿಂದಕ್ಕೆ ತಿರುಗಿ ಮಗನಿಗೆ ಹೇಳಿದಳು: "ಲೇ, ಕೇಳಿಲ್ಲಿ. ನೀನು ಕುಡಿಬ್ಯಾಡ. ಅಕಸ್ಮಾತ್ ಕುಡಿದ್ರೆ ಗಾಡಿ ಅಲ್ಲೇ ಬಿಟ್ಟು ನಡ್ಕೊಂಡು ಬಾ. ರಾತ್ರಿ ಎಷ್ಟೊತ್ತಾದ್ರೂ ಬಾ. ಬಾಗ್ಲು ತೆಗಿತೀನಿ. ಆದ್ರೆ ನಿಮ್ಮಪ್ಪಂಗೆ ಹೇಳ್ದೆ ಇರಲ್ಲ, ಅದು ಗೊತ್ತಿರ್ಲಿ."

ಹುಡುಗ "ಹೂಂ" ಎಂದ. ಬೇರೆ ಹೆಂಗಸರೂ ತಮ್ಮ ತಮ್ಮ ಮಕ್ಕಳ ಕಡೆ ನೋಡಿದರು.

ಶಿವಮೂರ್ತಪ್ಪನವರು ಆವತ್ತು ಸಂಜೆಗೆ ಮನೆಗೆ ಬಂದರಂತೆ. ಊಟ ಮಾಡಿದರಂತೆ. ಆದರೆ ಮುಂದೆ ಬಹಳ ತಿಂಗಳು ಹೆಂಡತಿಯ ಜೊತೆ ಬೇಕಾದಷ್ಟೇ ಮಾತು. ಉಪ್ಪು ಸಾಲದು, ದೀಪ ಹಚ್ಚು, ಇಷ್ಟೇ ಎಂದು ಮಾರಮ್ಮ ಹೇಳುತ್ತಿದ್ದಳು. ತೀರ್ಥಮ್ಮ ಅದನ್ನು ಕರಿಯಪ್ಪನವರ ಮುಂದೆ ಒಮ್ಮೆಯೂ ಎತ್ತಲಿಲ್ಲ. ತಿಂಗಳ ಭಾನುವಾರಗಳನ್ನೂ ನಿಲ್ಲಿಸಲಿಲ್ಲ. ಪ್ರತಿ ಸಲವೂ ಏಲಕ್ಕಿಯ ಮಾತು ಹೇಳುತ್ತಿದ್ದರು. ಹೇಳುವಾಗ ಒಳಕೋಣೆಯ ಬಾಗಿಲ ಕಡೆ ಕಣ್ಣು ಹೋಗಿ ಬರುತ್ತಿತ್ತು. ಬಾಗಿಲು ತೆರೆದಿರುತ್ತಿತ್ತು, ಒಳಗೆ ಯಾರೂ ಇರುತ್ತಿರಲಿಲ್ಲ. ಆ ಹೊತ್ತಿಗೆ ಶಿವಮೂರ್ತಪ್ಪನವರು ಮಂಡಿಯಲ್ಲಿ ಒಬ್ಬರೇ ಕೂತಿರುತ್ತಿದ್ದರು.

ತಮ್ಮಯ್ಯನಿಗೆ ಶಿಕ್ಷೆಯಾಯಿತು. ಮುಗಿಸಿ ಬಂದ ಮೇಲೆ ಅವನು ಯಾವ ಗಾಡಿಯನ್ನೂ ಮುಟ್ಟಲಿಲ್ಲ. ಅಕ್ಕನ ಇಬ್ಬರು ಮಕ್ಕಳನ್ನು ಸಾಕುತ್ತ ಕೂಲಿಗೆ ಹೋಗುತ್ತಿದ್ದ. ಬೀಗರೂಟಗಳಿಗೆ ಯಾರೂ ಅವನನ್ನು ಕರೆಯುತ್ತಿರಲಿಲ್ಲ, ಕರೆದರೂ ಅವನು ಹೋಗುತ್ತಿರಲಿಲ್ಲ.

ಕರಿಯಪ್ಪ ಸ್ಕೂಲನ್ನು ೧೯೮೮ರವರೆಗೂ ನಡೆಸಿದರು. ಕಣ್ಣಿಗೆ ಪೊರೆ ಬಂದು ಎದುರಿನ ರಸ್ತೆ ಮಸುಕಾದ ಮೇಲೆ ಜೀಪನ್ನು ಮಾರಿದರು. ಕೊನೆಯ ತಂಡ ಕರೆದುಕೊಂಡು ಹೋದ ದಿನ, ಹುಡುಗರೂ ತಾಯಂದಿರೂ ಜೀಪು ಹತ್ತಿದ ಮೇಲೆ ತೀರ್ಥಮ್ಮನವರಿಗೆ ವಿಷಯ ತಿಳಿಸಿದರು. ಅವರು ಜಗಲಿಯ ಕಂಬ ಹಿಡಿದು ನಿಂತಿದ್ದರು.

"ಇನ್ಮೇಲೆ ಯಾರೂ ಬರಲ್ವಾ ಹಂಗಾದ್ರೆ?"

"ಇಲ್ಲ ತಾಯಿ. ಇನ್ನು ಸುಧಾರಿಸ್ಕೊಳ್ಳಿ."

ತೀರ್ಥಮ್ಮ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು. "ಅವನ ಹೆಸರು ಹೇಳೋಕೆ ನಂಗೆ ಬೇರೆ ಜಾಗ ಇಲ್ಲ ಮೇಷ್ಟ್ರೇ" ಎಂದರು. "ಈ ಮನೇಲಿ ಯಾರೂ ಅವನ ಹೆಸರು ಎತ್ತಲ್ಲ."

ಕರಿಯಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟರು. ಜೀಪಿನಲ್ಲಿದ್ದವರು ಕಾಯುತ್ತಿದ್ದರು. ಅವರನ್ನು ಕಾಯಲು ಬಿಟ್ಟು, "ಹೇಳಿ ತಾಯಿ" ಎಂದರು. "ನಾನು ಕೇಳ್ತೀನಿ. ಕಾಲು ತಿರುಚಿಕೊಂಡು ಹುಟ್ಟಿದ್ದ ಅಂತಿದ್ರಲ್ಲ, ಎಷ್ಟು ತಿಂಗಳಿಗೆ ನಡೆದ?"

ತೀರ್ಥಮ್ಮನವರು ನಿಧಾನವಾಗಿ ಅವರ ಎದುರು ಕೂತರು. "ಇಪ್ಪತ್ತೆರಡು ತಿಂಗಳಿಗೆ" ಎಂದರು. "ಅವತ್ತು ಮಳೆ ಬರ್ತಿತ್ತು..."